ತಣ್ಣೀರಿಗೆ ಇಳಿಯುವ ಮುನ್ನ

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಕಲಿತವರು ಈಗ ಕರ್ನಾಟಕದಲ್ಲಿ ಸಾಕಷ್ಟಿದ್ದಾರೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿನ ನೀರು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ತೆಳ್ಳನೆಯ ವೆಟ್‌ಸೂಟ್, ಸೊಂಟಕ್ಕೆ ಮೂರ್ನಾಲ್ಕು ಕಿಲೋ ಸೀಸ, ಬೆನ್ನಿಗೊಂದು ಸಿಲಿಂಡರ್ ಇದ್ದರೆ ಕೆಲಸ ನಡೆಯುತ್ತದೆ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಎಲ್ಲಿಗೆ ಹೋದರೂ ಇದೇ ಸಲಕರಣೆ, ಇದೇ ಅಭ್ಯಾಸ. ಹೀಗೆ ಐವತ್ತೋ ನೂರೋ ಡೈವ್ ಮುಗಿಸಿದವರೊಬ್ಬರು ನೌಕರಿಯ ಮೇಲೆ ಸಿಯಾಟಲ್‌ಗೆ ಹೋಗುತ್ತಾರೆ ಎಂದುಕೊಳ್ಳೋಣ. ಮನೆಯ ಹತ್ತಿರವೇ ಪ್ಯೂಜೆಟ್ ಸೌಂಡ್ ಎಂಬ ಕಡಲತೋಳು ಇದೆ. ಅದರ ನೀರು ವರ್ಷದ ಬಹುಪಾಲು 7ರಿಂದ 13 ಡಿಗ್ರಿಯೊಳಗೆ ಇರುತ್ತದೆ. ಪ್ರಮಾಣಪತ್ರ ಅಲ್ಲಿಯೂ ನಡೆಯುತ್ತದೆ, ಬಾಡಿಗೆಗೆ ಸಲಕರಣೆಯೂ ಸಿಗುತ್ತದೆ. ಆದರೆ ನೂರು ಡೈವ್‌ಗಳಲ್ಲಿ ಕೈಗೂಡಿದ ಸಲೀಸು ಆ ನೀರಿನಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತದೆ?

ಶರೀರಶಾಸ್ತ್ರಜ್ಞರು, ನೌಕಾಪಡೆಗಳು, ಅಂಟಾರ್ಕ್ಟಿಕದ ವಿಜ್ಞಾನಿಗಳು ಈ ಪ್ರಶ್ನೆಯ ಬೇರೆ ಬೇರೆ ತುಂಡುಗಳಿಗೆ ದಶಕಗಳಿಂದ ಉತ್ತರ ಹುಡುಕಿದ್ದಾರೆ. ಆ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಚಳಿಗೆ ಮೈ ಒಗ್ಗುವುದು ಬಹಳ ಕಡಿಮೆ. ಒಗ್ಗಿಸಿಕೊಳ್ಳಬೇಕಾದದ್ದು ಉಸಿರನ್ನು, ಕೈಚಳಕವನ್ನು, ಯೋಜನೆಯನ್ನು. ಬೆಚ್ಚಗಿನ ನೀರಿನ ಅನುಭವಿ ತಣ್ಣೀರಿನಲ್ಲಿ ಮೊದಲ ಕೆಲವು ದಿನಗಳ ಮಟ್ಟಿಗಾದರೂ ಹೊಸಬನೇ.

ಮೊದಲು ಶಾಖದ ಲೆಕ್ಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗದಲ್ಲಿ ಮೈಯ ಶಾಖವನ್ನು ಒಯ್ಯುತ್ತದೆ. ಬರಿಮೈಯಲ್ಲಿ ಸುಮ್ಮನೆ ನೀರಿನಲ್ಲಿದ್ದರೂ ಮೈಬಿಸಿ ಇಳಿಯದಿರಬೇಕಾದರೆ ಆ ನೀರು 33ರಿಂದ 35 ಡಿಗ್ರಿ ಇರಬೇಕು. ಹಾಗಾಗಿ ನೇತ್ರಾಣಿಯ ನೀರು ಕೂಡ ದೇಹದ ಲೆಕ್ಕದಲ್ಲಿ ತಂಪೇ. ದಿನದ ಮೂರನೇ ಡೈವ್ ಮುಗಿಸಿ ದೋಣಿಯಲ್ಲಿ ನಡುಗುತ್ತ ಕೂತವರಿಗೆ ಇದು ಅನುಭವಕ್ಕೆ ಬಂದ ವಿಷಯ. 10 ಡಿಗ್ರಿಯ ನೀರಿನಲ್ಲಿ ಇದೇ ನಷ್ಟ ಎಷ್ಟೋ ಪಟ್ಟು ವೇಗವಾಗಿ ನಡೆಯುತ್ತದೆ.

ಆದರೂ ತಣ್ಣೀರಿನಲ್ಲಿ ಮೊದಲು ಎದುರಾಗುವ ಅಪಾಯ ಮೈ ತಣ್ಣಗಾಗುವುದಲ್ಲ; ಅದಕ್ಕೆ ಸಮಯ ಬೇಕು. ಮೊದಲು ಕೈಕೊಡುವುದು ಉಸಿರು. ಚರ್ಮದ ತಾಪ ಥಟ್ಟನೆ ಇಳಿದಾಗ ಬಾಯಿ ತಾನಾಗಿ ತೆರೆದು ಏದುಸಿರು ಬರುತ್ತದೆ, ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ಇದನ್ನು ಶೀತಾಘಾತ ಎನ್ನಬಹುದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಇದರ ಅಧ್ಯಯನದಲ್ಲೇ ವೃತ್ತಿಜೀವನದ ಬಹುಭಾಗವನ್ನು ಕಳೆದವರು. ಮೊದಲ ಅರ್ಧ ನಿಮಿಷದಲ್ಲಿ ಇದು ಉತ್ತುಂಗಕ್ಕೇರಿ, ಎರಡು ಮೂರು ನಿಮಿಷಗಳಲ್ಲಿ ತಗ್ಗುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್, ರಕ್ಷಣಾ ಉಡುಪಿಲ್ಲದೆ ಹಿಮದಷ್ಟು ತಣ್ಣನೆಯ ನೀರಿಗೆ ಬಿದ್ದವರಿಗಾಗಿ 1-10-1 ಎಂಬ ಸೂತ್ರ ಹೇಳಿದ್ದಾರೆ: ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ.

ಸೂಟ್ ತೊಟ್ಟ ಡೈವರ್‌ಗೆ ಈ ಆಘಾತ ತಗ್ಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಮಾಸ್ಕ್ ಮತ್ತು ಹುಡ್ ನಡುವೆ ಕೆನ್ನೆ, ತುಟಿ, ಹಣೆಯ ಒಂದು ಪಟ್ಟಿ ಬರಿದಾಗಿಯೇ ಉಳಿಯುತ್ತದೆ. ಮುಖಕ್ಕೆ ತಣ್ಣೀರು ತಗುಲಿದಾಗ ಹೃದಯವನ್ನು ನಿಧಾನಗೊಳಿಸುವ ಇನ್ನೊಂದು ಪ್ರತಿಕ್ರಿಯೆ ಏಳುತ್ತದೆ. ಒಂದು ಕಡೆಯಿಂದ ಓಡು ಎಂಬ ಆಜ್ಞೆ, ಇನ್ನೊಂದು ಕಡೆಯಿಂದ ನಿಲ್ಲು ಎಂಬ ಆಜ್ಞೆ. ಇವೆರಡೂ ಒಟ್ಟಿಗೆ ಬಂದಾಗ ಕೆಲವರಲ್ಲಿ ಹೃದಯದ ಲಯ ತಪ್ಪಬಹುದು ಎಂದು ಟಿಪ್ಟನ್ ಮತ್ತು ಮೈಕಲ್ ಶಾಟಕ್ 2012ರಲ್ಲಿ ವಾದಿಸಿದರು. ಅನುಭವಿ ತಣ್ಣೀರು ಡೈವರ್‌ಗಳು ಇಳಿಯುವ ಮುಂಚೆ ಮುಖ ತೋಯಿಸಿಕೊಂಡು, ಮೇಲ್ಮೈಯಲ್ಲೇ ಒಂದೆರಡು ನಿಮಿಷ ತೇಲಿ, ಉಸಿರು ಹದಕ್ಕೆ ಬಂದ ಮೇಲಷ್ಟೇ ಕೆಳಗಿಳಿಯುವುದು ಇದಕ್ಕಾಗಿಯೇ. ದೋಣಿಯಿಂದ ಹಿಂದಕ್ಕೆ ಉರುಳಿ ನೇರ ತಳಕ್ಕೆ ಹೋಗುವ ಅಭ್ಯಾಸವನ್ನು ಉಷ್ಣವಲಯದಲ್ಲೇ ಬಿಟ್ಟುಬರುವುದು ಒಳ್ಳೆಯದು.

ಸಂತೋಷದ ಸಂಗತಿಯೆಂದರೆ ಈ ಆಘಾತಕ್ಕೆ ದೇಹ ನಿಜಕ್ಕೂ ಪಳಗುತ್ತದೆ. ಕೆಲವೇ ನಿಮಿಷಗಳ ಐದಾರು ಮುಳುಗುಗಳು ಸಾಕು, ಏದುಸಿರು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಪಳಗುವಿಕೆಯ ಒಂದಂಶ ವರ್ಷ ಕಳೆದರೂ ಉಳಿದಿರುವುದನ್ನು ಟಿಪ್ಟನ್ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿತು.

ಹಾಗಾದರೆ ಮೈ ಪೂರ್ತಿಯಾಗಿಯೇ ಚಳಿಗೆ ಒಗ್ಗಲಾರದೆ? ಈ ಪ್ರಶ್ನೆಗೆ ಮನುಷ್ಯರಲ್ಲಿ ಸಿಕ್ಕ ಅತ್ಯುತ್ತಮ ಸಾಕ್ಷ್ಯ ಕೊರಿಯಾದ ಹೇನ್ಯೊ ಎಂಬ ಮುಳುಗುವ ಮಹಿಳೆಯರದ್ದು. ಜೇಜು ದ್ವೀಪದಲ್ಲೂ ದಕ್ಷಿಣ ಕರಾವಳಿಯಲ್ಲೂ ಇವರು ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು, ಕಪ್ಪೆಚಿಪ್ಪು ಮತ್ತು ಕಡಲಪಾಚಿ ಕೀಳಲು ಮುಳುಗುತ್ತಾರೆ. 1970ರ ದಶಕದವರೆಗೆ ಇವರ ಉಡುಪು ಬರೀ ಹತ್ತಿಯದು. ಚಳಿಗಾಲದಲ್ಲಿ 10 ಡಿಗ್ರಿಯ ನೀರಿಗೂ ಅದನ್ನೇ ತೊಟ್ಟು ಇಳಿಯುತ್ತಿದ್ದರು. ಒಳಮೈಯ ತಾಪ 35 ಡಿಗ್ರಿಗೆ ಇಳಿಯುವ ಹೊತ್ತಿಗೆ ದಡಕ್ಕೆ ಬಂದು, ಬುಲ್ತೊಕ್ ಎಂಬ ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಕಾಯಿಸಿಕೊಂಡು, ಮತ್ತೆ ಕಡಲಿಗೆ ಹೋಗುತ್ತಿದ್ದರು. 1960ರ ದಶಕದಲ್ಲಿ ಶರೀರಶಾಸ್ತ್ರಜ್ಞ ಸುಕ್ ಕಿ ಹಾಂಗ್ ಮತ್ತು ಸಂಗಡಿಗರು ಇವರನ್ನು ಅಳೆದು ನೋಡಿದಾಗ ಅಚ್ಚರಿ ಕಾದಿತ್ತು. ಚಳಿಗಾಲದಲ್ಲಿ ಇವರ ದೇಹ ವಿಶ್ರಾಂತಿಯಲ್ಲಿದ್ದಾಗಲೂ ಸುಮಾರು ಶೇ. 30ರಷ್ಟು ಹೆಚ್ಚು ಶಾಖ ಹುಟ್ಟಿಸುತ್ತಿತ್ತು. ಇತರರು ನಡುಗಲು ಶುರುಮಾಡುವ ನೀರಿಗಿಂತ ತಣ್ಣನೆಯ ನೀರಿನಲ್ಲಿ ಮಾತ್ರ ಇವರು ನಡುಗುತ್ತಿದ್ದರು.

1970ರ ದಶಕದ ನಡುವಿನಿಂದ ವೆಟ್‌ಸೂಟ್ ಬಂತು. ಕೆಲಸದ ಅವಧಿ ಉದ್ದವಾಯಿತು, ದುಡಿಮೆ ಹೆಚ್ಚಿತು, ಕಷ್ಟ ತಗ್ಗಿತು. ಸಂಶೋಧಕರು ಮತ್ತೆ ಮತ್ತೆ ಅಳೆಯುತ್ತ ಹೋದರು. ಕೆಲವೇ ವರ್ಷಗಳಲ್ಲಿ ಆ ವಿಶೇಷ ಹೊಂದಾಣಿಕೆಗಳು ಒಂದೊಂದಾಗಿ ಮಾಯವಾದವು. ವರ್ಷಗಟ್ಟಲೆ ದಿನವೂ ಮೈಯನ್ನು ಚಳಿಗೆ ಒಡ್ಡಿದವರು ಗಳಿಸಿದ್ದು ಇಷ್ಟು ಬೇಗ ಕರಗುವುದಾದರೆ, ವಾರಾಂತ್ಯಕ್ಕೊಮ್ಮೆ ದಪ್ಪ ಸೂಟ್ ತೊಟ್ಟು ಇಳಿಯುವವರ ಮೈ ಒಗ್ಗೀತೆಂದು ನೆಚ್ಚಿಕೊಳ್ಳಲು ಆಧಾರವಿಲ್ಲ. ಬೆಂಗಳೂರಿನ ಚಳಿಗಾಲದಲ್ಲಿ ತಣ್ಣೀರು ಸ್ನಾನ ಮಾಡಿ ಸಿದ್ಧರಾಗುತ್ತೇವೆನ್ನುವವರಿಗೆ ಉಸಿರಿನ ಅಭ್ಯಾಸ ಒಂದಿಷ್ಟು ಆದೀತು. ಉಳಿದದ್ದನ್ನು ಉಡುಪೇ ನೋಡಿಕೊಳ್ಳಬೇಕು.

ಉಡುಪಿನ ಕಥೆ 1950ರ ದಶಕದ ಕ್ಯಾಲಿಫೋರ್ನಿಯಾದ್ದು. ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್, ಮೈ ಒಣಗಿರಬೇಕಾದ ಅಗತ್ಯವಿಲ್ಲ, ಶಾಖ ತಡೆಯುವ ಗಾಳಿಯನ್ನು ಬಟ್ಟೆಯ ಒಳಗೇ ಗುಳ್ಳೆಗಳಾಗಿ ಸೆರೆಹಿಡಿದರಾಯಿತು ಎಂದು ಯೋಚಿಸಿ ನಿಯೋಪ್ರೀನ್ ವೆಟ್‌ಸೂಟಿಗೆ ದಾರಿಮಾಡಿದರು. ಸೂಟಿನೊಳಗೆ ನುಗ್ಗಿದ ನೀರೇ ಬೆಚ್ಚಗಾಗಿ ಮೈ ಕಾಯುತ್ತದೆಂದು ಇಂದಿಗೂ ಅನೇಕರು ನಂಬಿದ್ದಾರೆ. ಕಾಯುವುದು ಗುಳ್ಳೆಗಳೊಳಗಿನ ಅನಿಲ. ನೀರು ಎಷ್ಟು ಕಡಿಮೆ ನುಗ್ಗಿದರೆ ಅಷ್ಟು ಒಳ್ಳೆಯದು. ತೊಡಕು ಇರುವುದೂ ಆ ಗುಳ್ಳೆಗಳಲ್ಲೇ. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, 20 ಮೀಟರ್‌ನಲ್ಲಿ ಮುಮ್ಮಡಿ. ಗುಳ್ಳೆಗಳು ಕುಗ್ಗಿ ಸೂಟ್ ತೆಳ್ಳಗಾಗುತ್ತದೆ. ಆಳದಲ್ಲಿ ನೀರು ಇನ್ನಷ್ಟು ತಣ್ಣಗಿರುವಾಗಲೇ ರಕ್ಷಣೆಯೂ ಕಡಿಮೆಯಾಗುತ್ತದೆ. 7 ಮಿಲಿಮೀಟರ್ ದಪ್ಪದ ಸೂಟ್ 13-14 ಡಿಗ್ರಿಯ ನೀರಿನಲ್ಲಿ ಒಂದು ಡೈವ್‌ಗೆ ಸಾಕಾದೀತು. ಅದಕ್ಕಿಂತ ತಣ್ಣನೆಯ ನೀರಿನಲ್ಲಿ, ಅಥವಾ ಒಂದೇ ದಿನ ಎರಡನೇ ಬಾರಿ ಇಳಿಯುವುದಾದರೆ, ಡ್ರೈಸೂಟ್ ಬೇಕೇಬೇಕು ಅನ್ನಿಸುತ್ತದೆ.

ಡ್ರೈಸೂಟ್ ಅನ್ನು ಬೆಚ್ಚನೆಯ ಉಡುಪು ಎಂದಷ್ಟೇ ತಿಳಿದು ತೊಡುವುದು ಬೆಚ್ಚಗಿನ ನೀರಿನಿಂದ ತಣ್ಣೀರಿಗೆ ದಾಟುವಾಗಿನ ದೊಡ್ಡ ಅಪಾಯ. ಅದು ಡೈವರ್‌ನ ಸುತ್ತ ಇರುವ ಎರಡನೇ ಗಾಳಿಚೀಲ. ಕತ್ತು ಮತ್ತು ಮಣಿಕಟ್ಟಿನಲ್ಲಿ ರಬ್ಬರಿನ ಬಿಗಿ ಪಟ್ಟಿಗಳು ನೀರನ್ನು ತಡೆಯುತ್ತವೆ. ಇಳಿಯುವಾಗ ಒಳಗಿನ ಗಾಳಿ ಕುಗ್ಗಿ ಸೂಟ್ ಮೈಗೆ ಅಂಟಿ ಹಿಂಡುತ್ತದೆ. ಎದೆಯ ಮೇಲಿನ ಗುಂಡಿ ಒತ್ತಿ ಸಿಲಿಂಡರಿನಿಂದ ಗಾಳಿ ತುಂಬಬೇಕು. ಏರುವಾಗ ಅದೇ ಗಾಳಿ ಹಿಗ್ಗುತ್ತದೆ; ತೋಳಿನ ಕವಾಟದಿಂದ ಹೊರಬಿಡಬೇಕು. ತಲೆ ಕೆಳಗಾದರೆ ಗಾಳಿಯೆಲ್ಲ ಕಾಲಿಗೆ ಓಡುತ್ತದೆ. ಆಗ ಬೂಟು ಊದಿಕೊಂಡು, ಫಿನ್ ಕಳಚಿ, ಡೈವರ್ ಕಾಲು ಮೇಲಾಗಿ ಮೇಲ್ಮೈಗೆ ಹಾರುವ ಸಾಧ್ಯತೆಯಿದೆ. ಕವಾಟವಿರುವುದು ತೋಳಿನಲ್ಲಾದ್ದರಿಂದ ಕಾಲಿನ ಗಾಳಿ ಆ ಭಂಗಿಯಲ್ಲಿ ಹೊರಹೋಗುವುದಿಲ್ಲ. ಮೊಣಕಾಲು ಮಡಚಿ ಉರುಳಿ ನೇರವಾಗುವುದನ್ನು ಈಜುಕೊಳದಲ್ಲಿ ಹತ್ತಾರು ಸಲ ಮಾಡಿದವರಿಗೆ ಮಾತ್ರ ಆ ಕ್ಷಣದಲ್ಲಿ ಅದು ನೆನಪಾಗುತ್ತದೆ. ಕತ್ತಿನ ಪಟ್ಟಿ ಅತಿ ಬಿಗಿಯಾದರೆ ಕೊರಳಿನ ರಕ್ತನಾಳದ ಮೇಲೆ ಒತ್ತಡ ಬಿದ್ದು ತಲೆ ಸುತ್ತುತ್ತದೆ. ಬಾಡಿಗೆ ಸೂಟ್ ತೊಟ್ಟವರು ಇದನ್ನು ದಡದಲ್ಲೇ ಪರೀಕ್ಷಿಸಬೇಕು.

ಒಳಗೆ ತೊಡುವ ಬಟ್ಟೆಯ ವಿಷಯದಲ್ಲಿ ನಿಯಮ ಸರಳ: ಹತ್ತಿ ಬೇಡ. ನಮ್ಮಲ್ಲಿ ಎಲ್ಲರೂ ತೊಡುವ ಹತ್ತಿ ಬನಿಯನ್ ಬೆವರು ಹೀರಿ, ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಚರ್ಮಕ್ಕೆ ತಾಗಿದಂತೆ ಉಣ್ಣೆ ಅಥವಾ ಬೆವರು ಹೊರದೂಡುವ ಕೃತಕ ನೂಲು, ಅದರ ಮೇಲೆ ದಪ್ಪನೆಯ ಪದರ. ಈ ಪದರಗಳು ಹಿಡಿದಿಡುವ ಗಾಳಿಯನ್ನು ಮುಳುಗಿಸಲು ಸೀಸ ಬೇಕು. ಮೂರ್ನಾಲ್ಕು ಕಿಲೋ ಇದ್ದದ್ದು ಹತ್ತು ದಾಟುತ್ತದೆ. ತೂಕ ಬದಲಾದರೆ ನೀರಿನಲ್ಲಿ ಮೈಯ ಸಮತೋಲ ಬದಲಾಗುತ್ತದೆ. ಹವಳದ ಮೇಲೆ ಒಂದಂಗುಲ ಬಿಟ್ಟು ತೇಲಬಲ್ಲವರೂ ಮೊದಲ ದಿನ ಕೆಸರಿನಲ್ಲಿ ಮಂಡಿಯೂರುತ್ತಾರೆ.

ಉಸಿರಾಟದ ಯಂತ್ರವೂ ಚಳಿಗೆ ಸೋಲಬಹುದು. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ರೆಗ್ಯುಲೇಟರಿನ ಮೊದಲ ಹಂತ ಒಮ್ಮೆಗೇ ಹತ್ತು ಬಾರ್ ಆಸುಪಾಸಿಗೆ ಇಳಿಸುತ್ತದೆ. ಸೈಕಲ್ ಪಂಪು ಹೊಡೆದಾಗ ಗಾಳಿ ಅದುಮಿ ಕೊಳವೆ ಬಿಸಿಯಾಗುತ್ತದಲ್ಲ, ಇಲ್ಲಿ ಅದರ ತಿರುಗುಮುರುಗು: ಗಾಳಿ ಹಿಗ್ಗಿ ಲೋಹ ಸೊನ್ನೆಗಿಂತ ಕೆಳಗೆ ತಣ್ಣಗಾಗುತ್ತದೆ. ಸುತ್ತಲಿನ ನೀರು 28 ಡಿಗ್ರಿ ಇದ್ದಾಗ ಆ ನೀರೇ ಲೋಹವನ್ನು ಬೆಚ್ಚಗಿಡುತ್ತದೆ. 4 ಡಿಗ್ರಿಯ ನೀರಿಗೆ ಆ ಶಕ್ತಿಯಿಲ್ಲ. ಒಳಗೆ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ಉಳಿಯುತ್ತದೆ, ಗಾಳಿ ಭೋರೆಂದು ಸುರಿಯತೊಡಗುತ್ತದೆ, ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಬರಿದಾಗುತ್ತದೆ. ಯುರೋಪಿನ ಇಎನ್ 250 ಮಾನದಂಡ 10 ಡಿಗ್ರಿಗಿಂತ ತಣ್ಣನೆಯ ನೀರಿಗೆ ರೆಗ್ಯುಲೇಟರ್‌ಗಳನ್ನು ಬೇರೆಯಾಗಿ ಪರೀಕ್ಷಿಸುವುದು ಈ ಕಾರಣಕ್ಕೆ. ಉಷ್ಣವಲಯಕ್ಕೆಂದು ಕೊಂಡ ಹಗುರ ರೆಗ್ಯುಲೇಟರ್ ಒಯ್ಯುವವರು ಅದರ ಕೈಪಿಡಿಯನ್ನು ಮೊದಲು ಓದಬೇಕು.

ಈ ತೊಂದರೆಗೆ ಅತ್ಯಂತ ಕಠಿಣ ಪ್ರಯೋಗಶಾಲೆ ಅಂಟಾರ್ಕ್ಟಿಕದ ಮೆಕ್‌ಮರ್ಡೊ ನೆಲೆ. ಅಮೆರಿಕದ ವಿಜ್ಞಾನಿಗಳು ಅಲ್ಲಿ ಸಮುದ್ರದ ಮಂಜುಗಡ್ಡೆಗೆ ತೂತು ಕೊರೆದು ಮೈನಸ್ 1.8 ಡಿಗ್ರಿಯ ನೀರಿಗೆ ಇಳಿಯುತ್ತಾರೆ. ಅವರು ಕಂಡುಕೊಂಡ ಶಿಸ್ತಿನಲ್ಲಿ ದುಬಾರಿಯಾದದ್ದೇನೂ ಇಲ್ಲ. ಒಂದೇ ಸಿಲಿಂಡರಿನಿಂದ ಪ್ರತ್ಯೇಕ ಕವಾಟಗಳ ಮೂಲಕ ಎರಡು ಸ್ವತಂತ್ರ ರೆಗ್ಯುಲೇಟರ್. ನೀರಿಗಿಳಿಯುವ ಮುಂಚೆ ಅವು ಒಣಗಿ ಬೆಚ್ಚಗಿರಬೇಕು. ದಡದಲ್ಲಿ ಅವುಗಳಿಂದ ಉಸಿರಾಡಕೂಡದು, ಏಕೆಂದರೆ ಉಸಿರಿನ ತೇವವೇ ಒಳಗೆ ಹೆಪ್ಪುಗಟ್ಟುತ್ತದೆ. ಸೂಟಿಗೆ ಗಾಳಿ ತುಂಬುವಾಗ ಚುಟುಕಾಗಿ, ತುಸು ತುಸುವೇ ತುಂಬಬೇಕು. ಒಂದು ರೆಗ್ಯುಲೇಟರ್ ಕೈಕೊಟ್ಟರೆ ಇನ್ನೊಂದಕ್ಕೆ ಬದಲಿಸಿ, ಕೆಟ್ಟದ್ದರ ಕವಾಟ ಮುಚ್ಚಿ ಡೈವ್ ಮುಗಿಸಬೇಕು. ಮಂಜುಗಡ್ಡೆಯ ಕೆಳಗಲ್ಲದಿದ್ದರೂ, ಯುರೋಪಿನ ಕೆರೆಗಳಲ್ಲಿ ಮತ್ತು ನೀರು ತುಂಬಿದ ಹಳೆಯ ಕಲ್ಲುಗಣಿಗಳಲ್ಲಿ ಈ ನಿಯಮಗಳು ಅಷ್ಟೇ ಸಲ್ಲುತ್ತವೆ. ಸಿಹಿನೀರು ಸಮುದ್ರದ ನೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ, ಆಳದ ಕೆರೆಗಳ ತಳದಲ್ಲಿ ಬೇಸಿಗೆಯಲ್ಲೂ 4-5 ಡಿಗ್ರಿಯ ನೀರು ಕೂತಿರುತ್ತದೆ.

ಬೆರಳುಗಳ ವಿಷಯ ಚಿಕ್ಕದಾದರೂ ಮರೆಯುವಂತಿಲ್ಲ. ಕೈಯ ಚರ್ಮ 15 ಡಿಗ್ರಿಗಿಂತ ತಣ್ಣಗಾದರೆ ಸೂಕ್ಷ್ಮ ಕೆಲಸ ಕೆಡುತ್ತದೆ. ಕೊಂಡಿ ಬಿಚ್ಚುವುದು, ಗುಂಡಿ ಒತ್ತುವುದು, ಜೊತೆಗಾರನಿಗೆ ಸನ್ನೆ ಮಾಡುವುದು ಎಲ್ಲವೂ ದಪ್ಪ ಕೈಗವಸಿನೊಳಗಿನ ಮರಗಟ್ಟಿದ ಬೆರಳುಗಳಿಂದಲೇ ಆಗಬೇಕು. ಕೈ ಮರಗಟ್ಟಿದ ಮೇಲೆ ಡೈವ್ ಮುಗಿಸೋಣ ಎಂದುಕೊಂಡರೆ ತಡವಾಗಿರುತ್ತದೆ.

ಕಡಿಮೆ ಚರ್ಚೆಯಾಗುವ, ಹೆಚ್ಚು ಯೋಚಿಸಬೇಕಾದ ವಿಷಯ ಡಿಕಂಪ್ರೆಶನ್ ಕಾಯಿಲೆಯದು, ಅಂದರೆ ಆಳದಲ್ಲಿ ಮೈಸೇರಿದ ಸಾರಜನಕ ಮೇಲೇರುವಾಗ ಗುಳ್ಳೆಗಟ್ಟುವುದರದು. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ ಫ್ಲಾರಿಡಾದಲ್ಲಿ ನಡೆಸಿದ ಪ್ರಯೋಗದ ವರದಿ 2007ರಲ್ಲಿ ಬಂತು. 120 ಅಡಿ ಆಳಕ್ಕೆ ಸಮನಾದ ಒತ್ತಡದ ನೀರಿನಲ್ಲಿ ಡೈವರ್‌ಗಳನ್ನು ದುಡಿಸಿ, ತಳದಲ್ಲಿರುವಾಗ ಮತ್ತು ಮೇಲೇರುವಾಗ ನೀರಿನ ತಾಪವನ್ನು ಬದಲಿಸಿ ನೋಡಲಾಯಿತು. ತಳದಲ್ಲಿ ಬೆಚ್ಚಗಿದ್ದು ಏರುವಾಗ ತಣ್ಣಗಾದವರಲ್ಲಿ, 30 ನಿಮಿಷ ಮಾತ್ರ ತಳದಲ್ಲಿದ್ದರೂ, ಶೇ. 22 ಡೈವ್‌ಗಳು ಕಾಯಿಲೆಯಲ್ಲಿ ಕೊನೆಗೊಂಡವು. ತಳದಲ್ಲಿ ತಣ್ಣಗಿದ್ದು ಏರುವಾಗ ಬೆಚ್ಚಗಾದವರು 70 ನಿಮಿಷ ತಳದಲ್ಲಿದ್ದರೂ ಆ ಪ್ರಮಾಣ ಶೇ. 1.3 ಮಾತ್ರ. ಕಾರಣ ರಕ್ತದ ಹರಿವು. ಬೆಚ್ಚಗಿನ ಮೈಯ ತುದಿಗಳಿಗೆ ರಕ್ತ ಧಾರಾಳವಾಗಿ ಹರಿದು ಸಾರಜನಕ ಸೇರುತ್ತದೆ. ತಣ್ಣಗಾದಾಗ ರಕ್ತನಾಳ ಕುಗ್ಗಿ ಅದು ಹೊರಬರಲಾರದೆ ಗುಳ್ಳೆಯಾಗುತ್ತದೆ.

ಇಲ್ಲೊಂದು ಗಮನಿಸಬೇಕಾದ ಮಾತಿದೆ. ಆ ಪ್ರಯೋಗದಲ್ಲಿ ಬೆಚ್ಚಗಿನ ನೀರೆಂದರೆ 36 ಡಿಗ್ರಿ, ತಣ್ಣೀರೆಂದರೆ 27 ಡಿಗ್ರಿ. ನೇತ್ರಾಣಿಯಲ್ಲಿ ಬೆಚ್ಚಗಿದೆ ಎಂದು ಹೊಗಳುವ ನೀರು ಅದು! ಸೂಟ್ ತೊಡದೆ ದೀರ್ಘಕಾಲ ಡಿಕಂಪ್ರೆಶನ್ ಮಾಡಿದ ನೌಕಾಪಡೆಯವರ ಅಂಕಿಗಳನ್ನು ಹವ್ಯಾಸಿಗಳ ಸಣ್ಣ ಡೈವ್‌ಗೆ ಹಾಗೆಯೇ ಹೊಂದಿಸಲಾಗದು. ಆದರೆ ತಣ್ಣೀರಿನ ಸಾಮಾನ್ಯ ಡೈವ್ ಸಾಗುವುದು ಕೆಟ್ಟ ದಿಕ್ಕಿನಲ್ಲೇ: ಶುರುವಿನಲ್ಲಿ ಬಿಸಿ ಮೈ, ಕೊನೆಯ ಸುರಕ್ಷಾ ನಿಲುಗಡೆಯಲ್ಲಿ ನಡುಕ. ಕೈಯಲ್ಲಿ ಕಟ್ಟಿದ ಡೈವ್ ಕಂಪ್ಯೂಟರ್‌ಗೆ ನೀರಿನ ತಾಪ ಗೊತ್ತಿದ್ದರೂ ಸೂಟಿನೊಳಗಿನ ಮೈ ಎಷ್ಟು ತಣ್ಣಗಾಗಿದೆ ಎಂಬುದು ಗೊತ್ತಿಲ್ಲ. ಆದ್ದರಿಂದ ಸಮಯವನ್ನು ಕಡಿಮೆ ಇಟ್ಟುಕೊಳ್ಳುವುದು, ಮಿತಿಯ ಅಂಚಿಗೆ ಹೋಗದಿರುವುದು ಜಾಣತನ.

ಇನ್ನೊಂದು ಎಚ್ಚರಿಕೆ ವಯಸ್ಸಾದವರಿಗೆ, ವಿಶೇಷವಾಗಿ ರಕ್ತದೊತ್ತಡ ಇರುವವರಿಗೆ. ಬ್ರಿಟನ್ನಿನ ಹೃದ್ರೋಗ ತಜ್ಞ ಪೀಟರ್ ವಿಲ್ಮ್‌ಸ್‌ಹರ್ಸ್ಟ್ ಮತ್ತು ಸಂಗಡಿಗರು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ತಣ್ಣೀರಿನಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಡೈವರ್‌ಗಳ ಬಗ್ಗೆ ಬರೆದರು. ನೀರಿನ ಒತ್ತಡ ಕೈಕಾಲುಗಳ ರಕ್ತವನ್ನು ಎದೆಗೆ ತಳ್ಳುತ್ತದೆ, ಚಳಿ ಅದನ್ನು ಇನ್ನೂ ಹೆಚ್ಚಿಸುತ್ತದೆ. ಶ್ರಮವಿಲ್ಲದೆ ಏದುಸಿರು, ಕೆಮ್ಮು, ಗುಲಾಬಿ ಬಣ್ಣದ ನೊರೆ ಕಂಡರೆ ಡೈವ್ ಅಲ್ಲಿಗೇ ನಿಲ್ಲಿಸಿ ಮೇಲೆ ಕರೆತಂದು ಆಮ್ಲಜನಕ ಕೊಡಬೇಕು. ಇಂಥ ಏದುಸಿರನ್ನು ಗಾಬರಿ ಎಂದು ತಳ್ಳಿಹಾಕುವುದು ಪ್ರಾಣಾಂತಿಕ. ತಣ್ಣೀರಿಗೆ ಹೋಗುವ ಮುಂಚೆ ನಲವತ್ತು ದಾಟಿದವರೆಲ್ಲ ವೈದ್ಯರಿಗೆ ತೋರಿಸಿಕೊಳ್ಳುವುದು ಲೇಸು.

ಇಷ್ಟೆಲ್ಲ ಕಷ್ಟಪಟ್ಟು ಇಳಿಯುವುದೇಕೆ? ತಣ್ಣನೆಯ ಕಡಲು ಜೀವಸಮೃದ್ಧ. ಆಳದಿಂದ ಪೋಷಕಾಂಶಗಳು ಮೇಲೆ ಬರುವ ಕಡೆ ಸಸ್ಯಪ್ಲವಕ ಹುಲುಸಾಗಿ ಬೆಳೆದು ನೀರನ್ನು ಹಸಿರಾಗಿಸುತ್ತದೆ. ಅದನ್ನು ನಂಬಿ ಇಡೀ ಆಹಾರ ಸರಪಳಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಕೆಲ್ಪ್ ಎಂಬ ದೈತ್ಯ ಕಡಲಪಾಚಿ ಅನುಕೂಲವಾದಾಗ ದಿನಕ್ಕೆ ಒಂದಡಿಗೂ ಹೆಚ್ಚು ಬೆಳೆದು, ತಳದಿಂದ ಮೇಲ್ಮೈವರೆಗೆ ಕಾಡಾಗಿ ನಿಲ್ಲುತ್ತದೆ. ಸಿಲಿಕಾನ್ ವ್ಯಾಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಕಾಡು ಎರಡು ಗಂಟೆಯೊಳಗಿನ ದಾರಿ. ಪ್ಯೂಜೆಟ್ ಸೌಂಡ್‌ನಲ್ಲಿ ಜಗತ್ತಿನ ಅತಿದೊಡ್ಡ ಅಷ್ಟಪದಿ ಪ್ರಭೇದ ವಾಸಿಸುತ್ತದೆ. ಸ್ಕಾಟ್ಲೆಂಡಿನ ಉತ್ತರದ ಸ್ಕಾಪಾ ಫ್ಲೋದಲ್ಲಿ 1919ರ ಜೂನ್ 21ರಂದು ಜರ್ಮನ್ ನಾವಿಕರು ತಾವೇ ಮುಳುಗಿಸಿದ ನೌಕಾಪಡೆಯ ಮೂರು ಯುದ್ಧನೌಕೆಗಳು ಮತ್ತು ನಾಲ್ಕು ಕ್ರೂಸರ್‌ಗಳು ಇನ್ನೂ ತಳದಲ್ಲಿವೆ.

ಐಸ್‌ಲೆಂಡಿನ ಸಿಲ್ಫ್ರಾ ಬಿರುಕಿನ ಚಿತ್ರಗಳು ಭಾರತದ ಪ್ರವಾಸಿಗರನ್ನೂ ಸೆಳೆಯುತ್ತಿವೆ. ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳ ನಡುವಿನ ಆ ಸೀಳಿನಲ್ಲಿ ಲಾಂಗ್‌ಯೋಕುಲ್ ಹಿಮನದಿಯ ನೀರು ಲಾವಾ ಬಂಡೆಯ ಮೂಲಕ ದಶಕಗಟ್ಟಲೆ ಸೋಸಿ ಬರುತ್ತದೆ. ತಾಪ 2ರಿಂದ 4 ಡಿಗ್ರಿ, ನೋಟ ನೂರು ಮೀಟರಿಗೂ ಮೀರಿ. ತೀರಾ ತಿಳಿಯಾದ ಆ ನೀರೇ ಮೋಸ ಮಾಡಬಲ್ಲದು: ಆಳದ ಅಂದಾಜು ತಪ್ಪುತ್ತದೆ, ಡ್ರೈಸೂಟಿನ ಗಾಳಿಯನ್ನು ನಿಭಾಯಿಸಲು ಬಾರದವರು ಕ್ಷಣದಲ್ಲಿ ಕೆಳಗಿಳಿಯುತ್ತಾರೆ, ಇಲ್ಲವೇ ಮೇಲೆ ಹಾರುತ್ತಾರೆ. ಅದಕ್ಕೆಂದೇ ಅಲ್ಲಿ ಸ್ಕೂಬಾಕ್ಕೆ ಡ್ರೈಸೂಟ್ ತರಬೇತಿಯ ಪ್ರಮಾಣಪತ್ರ ಅಥವಾ ದಾಖಲಾದ ಹತ್ತು ಡ್ರೈಸೂಟ್ ಡೈವ್ ಕೇಳುತ್ತಾರೆ, 18 ಮೀಟರಿನ ಮಿತಿ ಹಾಕಿದ್ದಾರೆ. ನೇತ್ರಾಣಿಯ ನೂರು ಡೈವ್‌ಗಳು ಅಲ್ಲಿ ಲೆಕ್ಕಕ್ಕಿಲ್ಲ. ಈ ನಿಯಮ ಸರಿಯಾದದ್ದು, ಉಳಿದ ಕಡೆಯೂ ಬರಬೇಕಾದದ್ದು.

ಬೆಚ್ಚಗಿನ ನೀರಿನಿಂದ ತಣ್ಣೀರಿಗೆ ದಾಟುವವರಿಗೆ ಅನುಕ್ರಮವೊಂದು ತಾನಾಗಿ ಮೂಡುತ್ತದೆ. ಮೊದಲು ಈಜುಕೊಳದಲ್ಲಿ ಡ್ರೈಸೂಟ್, ದಪ್ಪ ಕೈಗವಸು, ಹುಡ್ ತೊಟ್ಟು ಹಳೆಯ ಪಾಠಗಳನ್ನೆಲ್ಲ ಮೊದಲಿನಿಂದ ಮಾಡುವುದು: ಮಾಸ್ಕ್ ತೆಗೆದು ಹಾಕುವುದು, ರೆಗ್ಯುಲೇಟರ್ ಬದಲಿಸುವುದು, ಭೋರೆಂದು ಸುರಿವ ಗಾಳಿಯಿಂದ ಉಸಿರಾಡುವುದು. ಬಳಿಕ ಹತ್ತು ಮೀಟರ್ ಮೀರದ ಆಶ್ರಿತ ನೀರಿನಲ್ಲಿ, ಸ್ಥಳೀಯ ಶಿಕ್ಷಕರೊಬ್ಬರ ಜೊತೆ, ಅರ್ಧಗಂಟೆಯ ಡೈವ್‌ಗಳು. ಹಡಗಿನ ಅವಶೇಷ, ಆಳ, ಕ್ಯಾಮೆರಾ ಇವೆಲ್ಲ ಆಮೇಲೆ. ತಣ್ಣೀರಿನ ಮೊದಲ ಡೈವ್‌ಗೆ ಕ್ಯಾಮೆರಾ ಒಯ್ಯುವುದು ಅಲ್ಲಿರುವ ಗಮನವನ್ನೂ ಕಿತ್ತುಕೊಳ್ಳುತ್ತದೆ. ಗಾಳಿಯ ಬಳಕೆ ಹೆಚ್ಚುತ್ತದೆಂದು ಮೊದಲೇ ಲೆಕ್ಕ ಹಾಕಿ, ಮೂರನೇ ಒಂದು ಭಾಗವನ್ನು ಮೀಸಲಿಡಬೇಕು. ಚಳಿಯಲ್ಲಿ ಮೂತ್ರ ಹೆಚ್ಚುತ್ತದೆಂದು ನೀರು ಕುಡಿಯದೆ ಬರುವವರು ಬಹಳ, ಅದು ತಪ್ಪು. ಮೇಲೆ ಬಂದ ತಕ್ಷಣ ಬಿಸಿನೀರಿನ ಸ್ನಾನಕ್ಕೆ ಓಡದೆ, ಒಣಬಟ್ಟೆ ತೊಟ್ಟು ಬಿಸಿ ಪಾನೀಯ ಕುಡಿದು ನಿಧಾನವಾಗಿ ಬೆಚ್ಚಗಾಗುವುದು ಒಳ್ಳೆಯದು.

ಇಷ್ಟಕ್ಕೆಲ್ಲ ಸಮಯವಿಲ್ಲದೆ ಐಸ್‌ಲೆಂಡಿಗೆ ನಾಲ್ಕು ದಿನದ ಪ್ರವಾಸ ಹೊರಟವರಿಗೂ ಸಿಲ್ಫ್ರಾ ಮುಚ್ಚಿಲ್ಲ. ಡ್ರೈಸೂಟ್ ತೊಟ್ಟು ಸ್ನಾರ್ಕೆಲ್ ಹಿಡಿದು ಮಾರ್ಗದರ್ಶಕರ ಜೊತೆ ಮೇಲ್ಮೈಯಲ್ಲೇ ತೇಲಿಹೋಗಲು ಅಲ್ಲಿ ಸ್ಕೂಬಾ ಪ್ರಮಾಣಪತ್ರ ಬೇಕಿಲ್ಲ, ಆದರೆ ಈಜು ಬರಬೇಕು.